ಕಿವಿ ಮುಚ್ಚಿದ ಮಧ್ಯಾಹ್ನ

ಬುದ್ಧಿಗೆ ನಿಲುಕದ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮರ್ಯಾದೆಗಾಗಿ ಕೇಳಿಸಿಕೊಳ್ಳುತ್ತಿದ್ದೆನೇ ಹೊರತು ನಂಬುತ್ತಿರಲಿಲ್ಲ. ನನ್ನ ವೃತ್ತಿಯೂ ಅಂಥದು. ತೀರಿಕೊಂಡ ಅತ್ತೆ ಬಂದು ಹಾಸಿಗೆಯ ಬದಿಗೆ ಕೂತಿದ್ದರು ಎಂದು ಬಾಣಂತಿಯೊಬ್ಬಳು ಹೇಳಿದರೆ ನಾನು ಮೊದಲು ಅವಳ ಜ್ವರ ನೋಡುವವಳು. ಜ್ವರ ಇದ್ದೇ ಇರುತ್ತಿತ್ತು. ಹೀಗಾಗಿ ನನ್ನ ಅಪನಂಬಿಕೆಗೆ ಎಂದೂ ಪೆಟ್ಟು ಬಿದ್ದಿರಲಿಲ್ಲ.

ಈಗಲೂ ನಾನು ಪೂರ್ತಿ ಬದಲಾಗಿದ್ದೇನೆ ಎಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನನಗೇ ಆದ ಅನುಭವವೊಂದಿದೆ. ಆಗ ನನಗೆ ಜ್ವರ ಇರಲಿಲ್ಲ, ನಿದ್ದೆ ಬಂದಿರಲಿಲ್ಲ. ಮಂಪರಿನಲ್ಲಿ ಇದ್ದಿರಬಹುದೆಂದು ನೀವು ಅಂದರೆ ಜಗಳಕ್ಕೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಅಷ್ಟೇ.

ಅರವತ್ತರ ದಶಕದ ನಡುವಿನ ಮಾತು. ಪುಣೆಯಲ್ಲಿ ಡಾಕ್ಟರಿಕೆ ಓದಿ ಬಂದು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಆಸ್ಪತ್ರೆಗೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಮನೆ ಧಾರವಾಡದಲ್ಲಿದ್ದರೂ ನಾನು ಆಸ್ಪತ್ರೆಯ ಹಿಂದಿನ ಖೋಲಿಯಲ್ಲೇ ಇದ್ದೆ. ಹೆರಿಗೆ ಹೊತ್ತು ನೋಡಿ ಬರುವುದಿಲ್ಲವಲ್ಲ. ಆಸ್ಪತ್ರೆಯ ಹಿರಿಯ ಡಾಕ್ಟರು ಸುಮತಿಬಾಯಿ. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಸದಾ ಅಂಚಿಲ್ಲದ ಬಿಳಿ ಸೀರೆ. ಹೆಚ್ಚಿನ ತರಬೇತಿಗೆಂದು ಸ್ಕಾಟ್ಲೆಂಡಿಗೆ ಹೋಗಿ ಬಂದಿದ್ದರು, ಆದರೆ ಅಲ್ಲಿಯ ಸುದ್ದಿಯನ್ನು ತಾವಾಗಿ ಎತ್ತುತ್ತಿರಲಿಲ್ಲ. ನನಗೆ ಅವರೆಂದರೆ ಭಯವೂ ಇತ್ತು, ಅವರ ಹಾಗೆ ಆಗಬೇಕೆಂಬ ಆಸೆಯೂ ಇತ್ತು.

ಬಿಸಿಲು ಏರತೊಡಗಿದ ದಿನಗಳು. ಅಮ್ಮಿನಬಾವಿಯಿಂದ ನೀಲವ್ವ ಎಂಬ ಬಾಣಂತಿಯನ್ನು ಕರೆತಂದರು. ಧಾರವಾಡದ ತನಕ ಎತ್ತಿನ ಚಕ್ಕಡಿಯಲ್ಲಿ, ಅಲ್ಲಿಂದ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೊರಟಿದ್ದ ಲಾರಿಯಲ್ಲಿ. ಅವಳ ಸೆರಗು, ಕೂದಲು, ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆಗಳು ಅಂಟಿದ್ದವು. ಜೊತೆಗೆ ಬಂದವಳು ಅತ್ತೆ ಬಸವ್ವ. ಅವಳ ಮಡಿಲಲ್ಲಿ ಹುಟ್ಟಿ ವಾರವೂ ಆಗದ ಹೆಣ್ಣುಕೂಸು.

ಹೆರಿಗೆ ಮನೆಯಲ್ಲೇ ಆಗಿತ್ತು. ಚೊಚ್ಚಿಲು. ಕೂಸು ದೊಡ್ಡದಿದ್ದದ್ದರಿಂದ ಮೈ ಹರಿದಿತ್ತು. ಮೊದಲೆರಡು ದಿನ ಎಲ್ಲ ಸರಿಯಾಗಿಯೇ ಇತ್ತಂತೆ. ಆಮೇಲೆ ಆ ಗಾಯದ ಕಡೆಯಿಂದ ತೊಡೆಯೊಳಗೆ ನೋವು ಶುರುವಾಗಿ, ಕಾಲು ಊದಿ, ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಊದಿದ ಕಡೆ ನಾನು ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗೆ ಒಣ ಚುರುಮುರಿ ಹಿಂಡಿದ ಹಾಗೆ ಚರಚರ ಅಂದಿತು. ಪುಸ್ತಕದಲ್ಲಿ ಓದಿದ್ದೆ, ಕೈಗೆ ಹತ್ತಿದ್ದು ಅದೇ ಮೊದಲು. ಗಾಳಿ ಆಡದ ಜಾಗದಲ್ಲಿ ಬೆಳೆಯುವ ಒಂದು ಜಾತಿಯ ಕ್ರಿಮಿ ಗಾಯದೊಳಗೆ ಸೇರಿತ್ತು. ಅದು ಮಾಂಸವನ್ನು ಕೊಳೆಸುತ್ತ, ಒಳಗೇ ವಾಯು ತುಂಬಿಸುತ್ತ ಮುಂದಕ್ಕೆ ಹಬ್ಬುತ್ತದೆ. ಕಾಲಿನ ಕೆಳಗಾದರೆ ಕಾಲು ತೆಗೆದು ಜೀವ ಉಳಿಸಬಹುದು. ಇಲ್ಲಿ ಅದು ಹತ್ತಿದ್ದು ತೊಡೆಯ ಬುಡಕ್ಕೆ. ಕಾಲು ತೆಗೆದರೂ ಉಪಯೋಗವಿರಲಿಲ್ಲ.

ಸುಮತಿಬಾಯಿಯವರು ತಡ ಮಾಡಲಿಲ್ಲ. ಸತ್ತ ಮಾಂಸವನ್ನೆಲ್ಲ ಕೊಯ್ದು ತೆಗೆದರು. ಪೆನಿಸಿಲಿನ್ ಕೊಟ್ಟರು, ಆ ರೋಗಕ್ಕೆ ಕೊಡುವ ಸೀರಂ ಕೊಟ್ಟರು. ಊತ ಎಲ್ಲಿಯ ತನಕ ಬಂದಿದೆ ಎಂದು ಗುರುತು ಸಿಗಲಿಕ್ಕೆ ಹೊಟ್ಟೆಯ ಕೆಳಗೆ ನೇರಳೆ ಔಷಧದಿಂದ ಒಂದು ಗೆರೆ ಎಳೆದರು. ಮರುದಿನ ಬೆಳಿಗ್ಗೆ ನೋಡಿದರೆ ಊತ ಗೆರೆ ದಾಟಿ ಮೇಲೆ ಬಂದಿತ್ತು. ಇನ್ನೊಂದು ಗೆರೆ ಎಳೆದರು.

ಕೈ ತೊಳೆಯುತ್ತ ನಿಂತಾಗ ಅವರು ತಾವಾಗಿಯೇ ಮಾತು ತೆಗೆದರು. ಸ್ಕಾಟ್ಲೆಂಡಿನಲ್ಲಿ ಅವರಿದ್ದ ಊರಿನ ದವಾಖಾನೆಯಲ್ಲಿ ಹೊಸದಾಗಿ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಬಂದಿತ್ತಂತೆ. ಮನುಷ್ಯರು ಒಳಗೆ ಹೋಗುವಷ್ಟು ದೊಡ್ಡದು. ರೋಗಿಯನ್ನು ಒಳಗೆ ಮಲಗಿಸಿ, ಬಾಗಿಲು ಬಿಗಿದು, ಗಾಳಿಯನ್ನು ಒತ್ತಿ ತುಂಬಿ ಆಮ್ಲಜನಕ ಉಸಿರಾಡಿಸುತ್ತಿದ್ದರು. ಆ ಒತ್ತಡದಲ್ಲಿ ಆಮ್ಲಜನಕ ರಕ್ತದೊಳಗೆ ಎಷ್ಟೋ ಪಾಲು ಹೆಚ್ಚಾಗಿ ಇಳಿಯುತ್ತದೆ. ಈ ಕ್ರಿಮಿಗೆ ಆಮ್ಲಜನಕವೇ ವಿಷ.

"ಆ ಪೆಟ್ಟಿಗಿ ಇಲ್ಲಿದ್ದಿದ್ರ ಈ ಹುಡುಗಿ ಉಳೀತಿದ್ಲು," ಅಂದರು. "ನಮ್ಮ ಹತ್ರ ಇರೂದು ಒಂದು ಸಿಲಿಂಡರು, ಒಂದು ರಬ್ಬರಿನ ಮುಖವಾಡ. ಅದನ್ನಽ ಹಚ್ಚು. ನೀ ಬಾಜೂಕ ಕೂಡು."

ಇಷ್ಟೇ ಅವರು ಹೇಳಿದ್ದು. ಮುಂದಿನ ಸಂಗತಿಗೆ ಇದು ಮುಖ್ಯವಾದ್ದರಿಂದ ನೆನಪನ್ನು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಪೆಟ್ಟಿಗೆಯ ಒಳಗೆ ಕೂತವರಿಗೆ ಹೇಗೆ ಅನ್ನಿಸುತ್ತದೆ ಎಂಬ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ.

ನೀಲವ್ವನ ಮಂಚವನ್ನು ವಾರ್ಡಿನ ಮೂಲೆಗೆ ಸರಿಸಿ ಸುತ್ತ ಹಸಿರು ಬಟ್ಟೆಯ ಪರದೆ ನಿಲ್ಲಿಸಿದ್ದರು. ಬಸವ್ವ ಒಂದು ಬಾಚಣಿಗೆ ಹಿಡಿದು ಸೊಸೆಯ ತಲೆದಿಂಬಿನ ಹತ್ತಿರ ಕೂತಿದ್ದಳು. ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿ, ಕೂದಲಿಗೆ ಎಣ್ಣೆ ಹಚ್ಚಿ, ತಲೆ ಅಲುಗಾಡದ ಹಾಗೆ ನಿಧಾನಕ್ಕೆ ಹೆಣೆಯುತ್ತಿದ್ದಳು. ಎಚ್ಚರ ತಪ್ಪಿದವಳಿಗೆ ಈಗ್ಯಾಕೆ ಇದು ಎಂದು ನಾನು ಕೇಳಿದ್ದಕ್ಕೆ, "ಎದ್ದ ಮ್ಯಾಲೆ ಸಿಕ್ಕ ಬಿಡಸಾಕ ಹ್ವಾದ್ರ ಅಕೀಗೆ ನೋವಾಕ್ಕೇತ್ರಿ," ಅಂದಳು. ಏಳುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯೇ ಅವಳ ಮಾತಿನಲ್ಲಿರಲಿಲ್ಲ. ಹೆಣೆದು ಮುಗಿಸಿ, ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಪರದೆಯ ಆಚೆಗೆ ಹೋದಳು. ಅದೇ ವಾರ್ಡಿನ ಇನ್ನೊಬ್ಬ ಬಾಣಂತಿ ತನ್ನ ಕೂಸಿನ ಜೊತೆ ಇದಕ್ಕೂ ಹಾಲು ಕುಡಿಸುತ್ತಿದ್ದಳು.

ಒಳಗೆ ನಾನು, ನೀಲವ್ವ ಇಬ್ಬರೇ ಉಳಿದೆವು. ಊಟದ ಹೊತ್ತು ದಾಟಿತ್ತು. ಬಿಸಿಲು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು. ಮೂಗಿಗೆ ಹಚ್ಚಿದ ರಬ್ಬರಿನ ಮುಖವಾಡದ ಕೆಳಗೆ ನೀಲವ್ವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಉಸಿರು ಮೇಲಿಂದ ಮೇಲೆ. ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡು, ಬಲಗೈಯಿಂದ ಬೀಸಣಿಗೆ ಬೀಸುತ್ತಿದ್ದೆ. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ನನ್ನ ತಂಗಿಯ ವಯಸ್ಸು. ಇವಳು ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಹೋಗುವಾಗ ಒಬ್ಬಳೇ ಇರಬಾರದು ಅನ್ನಿಸಿ ಕೂತಿದ್ದೆ. ನಿಜ ಹೇಳಬೇಕೆಂದರೆ ಡಾಕ್ಟರಾಗಿ ಕೂತಿರಲಿಲ್ಲ.

ಮೊದಲು ಗಮನಕ್ಕೆ ಬಂದದ್ದು ಬೀಸಣಿಗೆ. ಅದು ಭಾರವಾಯಿತು. ಕೈ ಸೋತಿರಬೇಕೆಂದು ಕೈ ಬದಲಾಯಿಸಿದೆ. ಆ ಕೈಯಲ್ಲೂ ಅದು ನೀರಿನೊಳಗೆ ಎಳೆದ ಹಾಗೆ ತಡೆದು ತಡೆದು ಬರುತ್ತಿತ್ತು. ಅಷ್ಟರಲ್ಲಿ ಕಿವಿ ಮುಚ್ಚಿಕೊಂಡವು. ಪುಣೆಯಿಂದ ಮುಂಬಯಿಗೆ ಹೋಗುವಾಗ ರೈಲು ಘಾಟು ಇಳಿಯುವಲ್ಲಿ ಕಿವಿ ಕಟ್ಟುತ್ತದಲ್ಲ, ಹಾಗೆ, ಆದರೆ ಅದಕ್ಕಿಂತ ಬಹಳ ಜೋರಾಗಿ. ವಾರ್ಡಿನ ಸದ್ದೆಲ್ಲ ದೂರವಾಯಿತು. ಕೂಸುಗಳ ಅಳು, ಹೊರಗಿನ ಟಾಂಗಾಗಳ ಸಪ್ಪಳ, ಯಾರದೋ ಮಾತು, ಒಂದೊಂದಾಗಿ ಹಿಂದೆ ಸರಿದು ನಿಂತುಹೋದವು. ಕಿವಿಯೊಳಗೆ ನೋವು ಚುಚ್ಚಿತು. ಉಗುಳು ನುಂಗಿದೆ. ಟಪ್ ಎಂದು ಬಿಟ್ಟಿತು. ಮತ್ತೆ ಕಟ್ಟಿತು. ಮತ್ತೆ ನುಂಗಿದೆ.

ನೀಲವ್ವನ ಹುಬ್ಬು ಗಂಟಿಕ್ಕಿತ್ತು. ಇವಳಿಗೂ ಕಿವಿ ನೋಯುತ್ತಿದೆ ಎಂದು ನನಗೆ ಹೇಗೆ ಅನ್ನಿಸಿತೋ ತಿಳಿಯದು. "ನೀಲವ್ವಾ, ಉಗುಳು ನುಂಗು," ಅಂದೆ. ಬಾಯಿಂದ ಬಂದ ದನಿ ನನ್ನದಾಗಿರಲಿಲ್ಲ. ಮೂಗಿನಲ್ಲಿ ಆಡಿದ ಹಾಗೆ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೀಚಲಾಗಿತ್ತು. ಅವಳ ಗಂಟಲು ಅಲುಗಿತು. ಹುಬ್ಬು ಸಡಿಲಾಯಿತು.

ಸೆಕೆ ಏರಿತು. ಬಿಸಿಲ ಸೆಕೆಯಲ್ಲ, ಮುಚ್ಚಿದ ಜಾಗದ ದಪ್ಪನೆಯ ಕಾವು. ಸುತ್ತ ಪರದೆಯೇ ಇತ್ತು. ನನ್ನ ಕಣ್ಣಿಗೆ ಬೇರೇನೂ ಕಾಣಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಕಿಟಕಿಯ ಗಾಳಿಗೆ ಸದಾ ಅಲುಗುತ್ತಿದ್ದ ಆ ಪರದೆ ಈಗ ಗೋಡೆಯ ಹಾಗೆ ನಿಂತಿತ್ತು. ನನಗೆ ತಲೆ ತಿರುಗುತ್ತಿರಬೇಕು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದುಕೊಂಡು ನನ್ನ ನಾಡಿಯನ್ನು ನಾನೇ ನೋಡಿಕೊಂಡೆ. ನಾಡಿ ಸಮವಾಗಿತ್ತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಎದ್ದು ಹೊರಗೆ ಹೋಗಬೇಕೆಂದೂ ಅನ್ನಿಸಲಿಲ್ಲ. ಇಬ್ಬರೂ ಎಲ್ಲಿಯೋ ಆಳಕ್ಕೆ ಇಳಿದು ಕೂತಿದ್ದೇವೆ, ಇವಳ ಕೈ ಬಿಡಬಾರದು, ಇದೊಂದೇ ಮನಸ್ಸಿನಲ್ಲಿದ್ದದ್ದು.

ಹಾಗೆ ಎಷ್ಟು ಹೊತ್ತು ಕೂತಿದ್ದೆನೋ ಹೇಳಲಾರೆ. ಅವಳ ತುಟಿಯನ್ನೇ ನೋಡುತ್ತಿದ್ದೆ. ಬೂದಿಯ ಬಣ್ಣ ಹೋಗಿ ಮೊದಲು ಒಳ ಅಂಚಿಗೆ, ಆಮೇಲೆ ಪೂರ್ತಿ ಕೆಂಪು ಬಂತು. ಉಗುರಿಗೂ ಬಂತು. ಉಸಿರಿನ ಅವಸರ ಇಳಿಯಿತು. ಒಂದು ಸಲ ಕಣ್ಣು ತೆರೆದು ನನ್ನನ್ನು ನೋಡಿದಳು. ಯಾರೋ ಅಪರಿಚಿತರನ್ನು ನೋಡುವ ನೋಟವಲ್ಲ. ಜೊತೆಗೆ ಪ್ರಯಾಣ ಹೊರಟವರು ನಡುವೆ ಎಚ್ಚರವಾದಾಗ ಪಕ್ಕದಲ್ಲಿ ನಮ್ಮವರು ಇದ್ದಾರಲ್ಲ ಎಂದು ನೋಡಿ ಮತ್ತೆ ಮಲಗುತ್ತಾರಲ್ಲ, ಹಾಗೆ ನೋಡಿ ಕಣ್ಣು ಮುಚ್ಚಿದಳು.

ಆಮೇಲೆ ಚಳಿ ಶುರುವಾಯಿತು. ಹುಬ್ಬಳ್ಳಿಯ ಆ ಬಿರುಬಿಸಿಲಿನಲ್ಲಿ ಮೈ ಜುಂ ಅನ್ನುವ ಚಳಿ. ಕಣ್ಣೆದುರು ಮಸುಕಾಯಿತು. ಕಣ್ಣಿಗೆ ಹಾಕಿದ್ದ ಚಾಳೀಸಿನ, ಅಂದರೆ ಕನ್ನಡಕದ, ತೊಂದರೆ ಎಂದು ಅದನ್ನು ತೆಗೆದೆ. ತೆಗೆದರೂ ಪರದೆಯೊಳಗೆಲ್ಲ ತೆಳ್ಳನೆಯ ಮಂಜು ನಿಂತ ಹಾಗಿತ್ತು. ಕಿವಿ ಟಪಟಪ ಎಂದು ತಾವಾಗಿ ಬಿಟ್ಟುಕೊಂಡವು. ಕೂಸಿನ ಅಳು ಒಮ್ಮೆಲೇ ಕಿವಿಗೆ ಬಡಿಯಿತು.

ನರ್ಸು ಪರದೆ ಸರಿಸಿ ನಿಂತಿದ್ದಳು. ಎಷ್ಟು ಕರೆದರೂ ನಾನು ಓಗೊಡಲಿಲ್ಲವೆಂದು ದೂರಿದಳು. ನನ್ನ ಕೈಯಲ್ಲಿದ್ದ ಚಾಳೀಸನ್ನು ನೋಡಿ, ಇದೇನು ಇಷ್ಟು ನೀರು ಎಂದು ಕೇಳಿದಳು. ಎರಡೂ ಗಾಜಿನಿಂದ ಹನಿ ಇಳಿಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲಿದ್ದ ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಬಸವ್ವನೂ ನಡುವೆ ಒಮ್ಮೆ ಇಣುಕಿ ಹೋಗಿದ್ದಳಂತೆ. ಡಾಕ್ಟರಬಾಯಿ ಕೈ ಹಿಡಿದು ಸುಮ್ಮನೆ ಕೂತಿದ್ದರು, ಮಾತಾಡಿಸಬಾರದು ಅನ್ನಿಸಿತು ಅಂದಳು.

ಸಂಜೆ ಸುಮತಿಬಾಯಿಯವರು ಬಂದು ಊತವನ್ನು ನೋಡಿದರು. ಬೆರಳಿಟ್ಟು ಒತ್ತಿದರು. ಮತ್ತೆ ಒತ್ತಿದರು. ಮರುದಿನ ಬೆಳಿಗ್ಗೆಯೂ ಊತ ಆ ಎರಡನೆಯ ಗೆರೆಯಲ್ಲೇ ನಿಂತಿತ್ತು. ಅದನ್ನು ಅದು ಮುಂದೆ ದಾಟಲೇ ಇಲ್ಲ.

ನೀಲವ್ವ ಉಳಿದಳು. ಗಾಯ ಮಾಯಲಿಕ್ಕೆ ಬಹಳ ದಿನ ಹಿಡಿಯಿತು. ದಿನಾ ಪಟ್ಟಿ ಕಟ್ಟುವ ಕೆಲಸ ನನ್ನದು. ನೋವು ನುಂಗಿಕೊಂಡು ಏನಾದರೂ ಮಾತಾಡುತ್ತಿದ್ದಳು. ಹೊಲದ್ದು, ತವರಿನದ್ದು, ಕೂಸಿಗೆ ಇನ್ನೂ ಹೆಸರಿಟ್ಟಿಲ್ಲದ್ದು. ನಾನು ಆ ಮಧ್ಯಾಹ್ನದ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ದಣಿವಿನಿಂದ ಆದ ಭ್ರಮೆ ಎಂದು ತೀರ್ಮಾನಿಸಿ ಮುಗಿಸಿದ್ದೆ. ಒಂದು ದಿನ ಅವಳೇ ಕೇಳಿದಳು.

"ಬಾಯಾರ, ಅವತ್ತ ನಿಮ್ಮ ದನಿ ಯಾಕ ಹಂಗಾಗಿತ್ತರಿ? ಡಬ್ಬ್ಯಾಗ ಕುಂತು ಮಾತಾಡಿದಂಗ?"

ಯಾವತ್ತು ಎಂದು ಕೇಳಿದೆ.

"ಉಗುಳ ನುಂಗು ಅಂದ್ರಲ್ಲರಿ, ಅವತ್ತ. ಬಾವಿ ತಳಕ್ಕ ಮುಳುಗಿದಾಗ ಆಗತೈತೆಲ್ಲ, ಹಂಗ ಕಿವಿ ನೋಯಾಕತ್ತಿದ್ದೂ. ನುಂಗಿದ ಮ್ಯಾಲೆ ಬಿಟ್ಟೂ."

ನಾನು ಒಂದು ಮಾತನ್ನೂ ಅವಳ ಬಾಯಿಗೆ ಹಾಕಬಾರದೆಂದು ಎಚ್ಚರ ವಹಿಸಿ, ಮತ್ತೇನು ನೆನಪಿದೆ ಎಂದಷ್ಟೇ ಕೇಳಿದೆ. ಹಗೇವಿನಲ್ಲಿ ಇಳಿದ ಹಾಗಿತ್ತು ಅಂದಳು. ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದರೊಳಗೆ ಗಾಳಿ ಇರುವುದಿಲ್ಲ, ತೆರೆದ ಕೂಡಲೇ ಇಳಿದವರು ಉಸಿರು ಕಟ್ಟಿ ಸಾಯುವುದುಂಟು. "ಆದ್ರ ಇದರಾಗ ಉಸರ ಕಟ್ಟಲಿಲ್ಲರಿ. ಉಸರ ತುಂಬಿ ತುಂಬಿ ಬಂತು," ಅಂದಳು. ಕಡೆಗೆ ಚಳಿಯಾಯಿತಂತೆ. ಅದಕ್ಕೂ ಮೊದಲು ಹೊರಗಿನಿಂದ ಯಾರೋ ಕಬ್ಬಿಣದ ಮೇಲೆ ಬಡಿದ ಸಪ್ಪಳ ಕೇಳಿತಂತೆ. ಆ ಸಪ್ಪಳ ನಾನು ಕೇಳಿರಲಿಲ್ಲ.

ಅಂದು ಸಂಜೆ ನಾನು ಸುಮತಿಬಾಯಿಯವರ ಖೋಲಿಗೆ ಹೋದೆ. ನಗುತ್ತಾರೆ ಅಥವಾ ರಜೆ ಹಾಕಿ ಮನೆಗೆ ಹೋಗು ಅನ್ನುತ್ತಾರೆ ಎಂದುಕೊಂಡಿದ್ದೆ. ಚಹಾದ ಬಟ್ಟಲು ಕೆಳಗಿಟ್ಟು ಪೂರ್ತಿ ಕೇಳಿದರು. ಬೀಸಣಿಗೆ ಭಾರವಾದದ್ದು, ಕಿವಿ, ದನಿ, ಸೆಕೆ, ಆಮೇಲಿನ ಚಳಿ, ನೀಲವ್ವ ಹೇಳಿದ ಸಪ್ಪಳ. ಮಂಜಿನ ಮಾತನ್ನು ನಾನು ಬಿಟ್ಟಿದ್ದೆ. ಅದು ಚಾಳೀಸಿನದೇ ಇರಬೇಕೆಂದು ನಾಚಿಕೆಯಾಗಿತ್ತು.

ನಾನು ಮುಗಿಸಿದ ಕೂಡಲೇ ಅವರು, "ಮಂಜು ಬಂದಿತ್ತೇನು?" ಎಂದು ಕೇಳಿದರು.

ನಾನು ಹೂಂ ಅಂದೆ.

"ಇದನ್ನೆಲ್ಲಾ ನಾ ನಿನಗ ಹೇಳಿದ್ದೆನೇನು?"

"ಇಲ್ಲರಿ."

"ಹೌದು, ಹೇಳಿಲ್ಲ," ಅಂದರು. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ಆ ಪೆಟ್ಟಿಗೆಯೊಳಗೆ ಅವರೂ ರೋಗಿಯ ಜೊತೆ ಕೂತಿದ್ದರಂತೆ. ಗಾಳಿ ಒತ್ತುವಾಗ ಕಾವು ಏರುತ್ತದೆ, ಕಿವಿ ಕಟ್ಟುತ್ತದೆ, ಉಗುಳು ನುಂಗುತ್ತಿರಬೇಕು. ದಪ್ಪಗಾದ ಗಾಳಿಯಲ್ಲಿ ದನಿ ಕೀಚಲಾಗುತ್ತದೆ, ಕೈ ಬೀಸಿದರೆ ತಡೆಯುತ್ತದೆ. ಒತ್ತಡ ಇಳಿಸುವಾಗ ಚಳಿಯಾಗಿ ಒಳಗೆಲ್ಲ ಮಂಜು ಕಟ್ಟುತ್ತದೆ. ಗಾಳಿ ಬಿಡುವ ಮೊದಲು ಹೊರಗಿನವನು ಒಳಗಿದ್ದವರಿಗೆ ತಿಳಿಯಲೆಂದು ಕಬ್ಬಿಣದ ಮೇಲೆ ನಟ್ಟು ಬಿಗಿಯುವ ಪಾನಾದಿಂದ ಬಡಿಯುತ್ತಿದ್ದನಂತೆ.

ಅವರು ಜೊತೆಗೆ ಕೂತಿದ್ದ ಆ ರೋಗಿ ಉಳಿದಳೇ ಎಂದು ಕೇಳಬೇಕೆನ್ನಿಸಿತು. ಅವರ ಮುಖ ನೋಡಿ ಕೇಳಲಿಲ್ಲ. ಆ ಮಧ್ಯಾಹ್ನ ತಾವು ಹೆರಿಗೆ ಖೋಲಿಯಲ್ಲಿ ಬೇರೊಬ್ಬಳ ಹತ್ತಿರ ಇದ್ದದ್ದಾಗಿಯೂ, ಮನಸ್ಸೆಲ್ಲ ಈ ಹುಡುಗಿಯ ಮೇಲೆಯೇ ಇತ್ತೆಂದೂ ಹೇಳಿದರು. ಕೊನೆಗೆ ಎದ್ದು ನಿಂತು, "ಅಕಿ ಉಳದದ್ದು ಆಪರೇಶನ್‌ನಿಂದ, ಪೆನಿಸಿಲಿನ್‌ನಿಂದ. ಕೇಸ್‌ಪೇಪರಿನ್ಯಾಗ ಹಂಗಽ ಬರಿ," ಅಂದರು. ಬಾಗಿಲ ತನಕ ಬಂದು ನನ್ನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟರು. ಅವರು ಯಾರನ್ನೂ ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಡಾಕ್ಟರಾಗಿ ನಾನು ಸುಮ್ಮನೆ ಕೂರಲಿಲ್ಲ. ಕಾರಣ ಹುಡುಕಿದೆ. ಉಪವಾಸ, ನಿದ್ದೆಗೆಟ್ಟದ್ದು, ಸಿಲಿಂಡರಿನಿಂದ ಸೋರಿದ ಆಮ್ಲಜನಕ, ಬೆವರಿದ ಮುಖದ ಮೇಲಿನ ಚಾಳೀಸು. ಪೆಟ್ಟಿಗೆಯ ವಿಷಯವನ್ನು ಎಲ್ಲಿಯೋ ಓದಿ ಮರೆತಿರಬಹುದು ಎಂದೂ ಯೋಚಿಸಿದೆ. ಆ ಕಾಲಕ್ಕೆ ನಮ್ಮ ಕೈಗೆ ಸಿಗುತ್ತಿದ್ದ ಪುಸ್ತಕಗಳಲ್ಲಿ ಅದು ಇರಲಿಲ್ಲ, ಆದರೂ ಇರಲಿ. ನನ್ನ ಮಟ್ಟಿಗೆ ಇವೆಲ್ಲ ಸಾಕು. ಆದರೆ ನೀಲವ್ವನಿಗೆ ಇವು ಸಾಕಾಗುವುದಿಲ್ಲ. ಉಗುಳು ನುಂಗು ಎಂದ ನನ್ನ ಮಾತು ಅವಳ ಕಿವಿಗೆ ಬಿದ್ದು, ಉಳಿದದ್ದನ್ನು ಅವಳ ಜ್ವರ ಕಟ್ಟಿಕೊಂಡಿತು ಎನ್ನಬಹುದು. ಹಾಗಾದರೆ ನಾನೂ ಕೇಳದ, ಅಲ್ಲಿಯ ತನಕ ಸುಮತಿಬಾಯಿಯವರೂ ಹೇಳಿರದ ಆ ಬಡಿತ ಎಲ್ಲಿಂದ ಬಂತು? ಇಲ್ಲಿಗೆ ಬಂದು ನನ್ನ ವಾದ ನಿಲ್ಲುತ್ತದೆ. ಪ್ರತಿ ಸಲವೂ ಇಲ್ಲಿಯೇ ನಿಂತಿದೆ.

ಕೆಲವು ವರ್ಷಗಳ ಮೇಲೆ ನಾನು ಧಾರವಾಡಕ್ಕೆ ಬಂದು ಸ್ವಂತ ದವಾಖಾನೆ ತೆರೆದೆ. ಒಂದು ದಿನ ನೀಲವ್ವ ಮಗಳನ್ನು ಕರೆದುಕೊಂಡು ಬಂದಳು. ತುಸು ಕುಂಟುತ್ತಿದ್ದಳು, ಆದರೆ ಮೈ ತುಂಬಿತ್ತು. ಮಗಳಿಗೆ ನೆಗಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಶಾಲೆಗೆ ಹಾಕುವ ಮೊದಲು ನಿಮಗೊಮ್ಮೆ ತೋರಿಸಬೇಕು ಅನ್ನಿಸಿತು ಅಂದಳು. ಬಸವ್ವ ಗಟ್ಟಿಯಾಗಿದ್ದಾಳೆ, ಮೊಮ್ಮಗಳ ಹೆರಳು ಹಾಕಲು ಯಾರಿಗೂ ಬಿಡುವುದಿಲ್ಲ ಎಂದು ನಕ್ಕಳು.

ಹೊರಡುವಾಗ ಮಗಳನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು, ದನಿ ತಗ್ಗಿಸಿ ಕೇಳಿದಳು.

"ಬಾಯಾರ, ಅವತ್ತ ನಾವು ಎಲ್ಲಿಗೆ ಹೋಗಿದ್ವಿರಿ?"

ಗೊತ್ತಿಲ್ಲ ಎಂದೆ. ಡಾಕ್ಟರಾದ ನನಗೆ ಗೊತ್ತಿರಬಹುದೆಂದು ಅವಳು ಇಷ್ಟು ವರ್ಷ ನಂಬಿಕೊಂಡಿದ್ದಿರಬೇಕು. ನಿರಾಸೆಯಾಗಬಹುದೆಂದು ಮುಖ ನೋಡಿದೆ. ಹಾಗೇನೂ ಕಾಣಲಿಲ್ಲ. ಹೊರಡಲು ತಿರುಗುತ್ತ ಹೇಳಿದಳು.

"ಇರಲಿ ಬಿಡ್ರಿ. ಒಬ್ಬಾಕಿನಽ ಹೋಗಿದ್ರ ನಾ ಹೊಳ್ಳಿ ಬರತಿರಲಿಲ್ಲ."

ಮಗಳ ಕೈ ಹಿಡಿದು ಬಿಸಿಲಿಗಿಳಿದು ನಡೆದಳು. ಅವಳು ತಿರುವು ದಾಟುವ ತನಕ ನೋಡುತ್ತ ನಿಂತಿದ್ದೆ. ಅವಳಿಗೆ ಸಿಕ್ಕ ಸಮಾಧಾನ ನನಗೆ ಇವತ್ತಿಗೂ ಸಿಕ್ಕಿಲ್ಲ.